ಒಗೆಯುವ ಕಲ್ಲು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಯ ನೆನಪು ಹೇಳಿ ಎಂದರು. ನಾನು ನಮ್ಮ ಪಂಚಾಯಿತಿ ಗ್ರಂಥಾಲಯದ ವಿಷಯ ಹೇಳುತ್ತೇನೆ. ಇಲ್ಲಿ ಇತಿಹಾಸದಲ್ಲಿ ಮೂವತ್ತೈದು ಅಂಕ ದಾಟದ ನಾನು (ಮೇಷ್ಟ್ರ ತಪ್ಪೇನಿಲ್ಲ) ಇತಿಹಾಸ ಕಲಿತದ್ದು ನಿವೃತ್ತನಾಗಿ ಊರಿಗೆ ಬಂದ ಮೇಲೆ, ಅಲ್ಲಿ.

ತಿಂಗಳ ಕೊನೆಯ ಶನಿವಾರ ಸಂಜೆ ಅಲ್ಲಿ ಇತಿಹಾಸದ ಉಪನ್ಯಾಸ ನಡೆಯುತ್ತದೆ. ಮೊದಲ ದಿನ ಗ್ರಂಥಪಾಲಕರೂ ಸೇರಿ ಏಳು ಜನ. ನಾನು ಪೇಪರ್ ಓದಲು ಹೋದವನು, ಎದ್ದು ಬರಲು ಸಂಕೋಚವಾಗಿ ಕೂತೆ. ವಿಷಯ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ಅವನು. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವತನಕ ಇವನ ಹೆಸರೂ ಇರಲಿ ಎಂದು. ಎಷ್ಟೋ ಕಲ್ಲುಗಳು ತುರುಗೋಳಿನವು. ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವರು. ದೊರೆಗಳಲ್ಲ, ನಮ್ಮಂಥವರು.

ಚಂದ್ರ ಎಂದಾಗ ಎದೆ ಧಸಕ್ಕೆಂದಿತು. ಹಿತ್ತಲ ಬಾವಿಯ ಹತ್ತಿರ ಅವ್ವ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಮೂಲೆಯಲ್ಲಿ ಕುಡುಗೋಲಿನಂಥ ಗುರುತಿತ್ತು. ಅದರಲ್ಲಿ ನಿಂತ ಸೋಪಿನ ನೊರೆಯನ್ನು ಚಿಕ್ಕವನಿದ್ದಾಗ ಬೆರಳಿಂದ ತೆಗೆಯುತ್ತಿದ್ದೆ.

ಮರುದಿನವೇ ಉಪನ್ಯಾಸಕರನ್ನು ಮನೆಗೆ ಕರೆತಂದೆ. ಕತ್ತಲಾಗಲಿ ಎಂದರು. ಆಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಓರೆಯಾಗಿ ಹಿಡಿದರು. ಹಗಲಲ್ಲಿ ಕಾಣದ ಅಕ್ಷರಗಳಿಗೆ ನೆರಳು ಬಂತು. 'ತುಱು' ಎಂದಷ್ಟು ಓದಿದರು. ಹೆಸರು ಇರಬೇಕಾದ ಕಡೆ ಕಲ್ಲು ನುಣ್ಣಗಿತ್ತು. ನಮ್ಮ ಮನೆಯ ಬಟ್ಟೆಗಳೇ ಸವೆಸಿದ್ದು.

ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ಅದರಲ್ಲೂ ಹುಡುಕಿದೆವು. ನಮ್ಮ ದೇವಸ್ಥಾನದ ಶಾಸನ ಸಿಕ್ಕಿತು, ಹಿತ್ತಲಿನ ಕಲ್ಲು ಸಿಗಲಿಲ್ಲ. ಆಗ ಯಾರಾದರೂ ಬರೆದುಕೊಂಡಿದ್ದರೆ ಹೆಸರು ಉಳಿಯುತ್ತಿತ್ತು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಗುರುತಿಸಿದರು. ಆ ಊರಿನ ಅದೃಷ್ಟ ದೊಡ್ಡದು.

ಅವ್ವನಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಯಾರ ಮನೆ ಮಗನಂತಪ್ಪಾ?"

ಕಲ್ಲನ್ನು ಈಗ ಗ್ರಂಥಾಲಯದ ಮುಂದೆ ನಿಲ್ಲಿಸಿದ್ದೇವೆ. ಉಪನ್ಯಾಸಕ್ಕೆ ಈ ಶಾಲೆಯ ಮಕ್ಕಳೂ ಬರುತ್ತಾರೆ, ಕುರ್ಚಿ ಸಾಲುವುದಿಲ್ಲ, ಚಾಪೆ ಹಾಸುತ್ತೇವೆ. ಮುಂದಿನ ವಿಷಯ ಕೆರೆಯ ತೂಬು. ಅದಕ್ಕೆ ಮುಂಚೆ ನಿಮ್ಮ ಹಿತ್ತಲು, ಕೊಟ್ಟಿಗೆ, ಬಚ್ಚಲ ಕಲ್ಲುಗಳ ಮೇಲೆ ರಾತ್ರಿ ಒಮ್ಮೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಏನಾದರೂ ಗುರುತು ಕಂಡರೆ ಉಜ್ಜಬೇಡಿ, ಸುಣ್ಣ ಬಳಿಯಬೇಡಿ, ಗ್ರಂಥಪಾಲಕರಿಗೆ ತಿಳಿಸಿ. ಶನಿವಾರ ಸಂಜೆ ನಾನೂ ಅಲ್ಲೇ ಇರುತ್ತೇನೆ.