ನೆಗೆಟಿವ್ ಯಾರ ಪೆಟ್ಟಿಗೆಯಲ್ಲಿದೆ?

(ಪತ್ರಿಕೋದ್ಯಮ ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾಲ್ಕು ವರ್ಷಗಳ ಹಿಂದೆ ನಾನೂ ಇಂಥದೇ ಒಂದು ಬೆಂಚಿನ ಮೇಲೆ ಕುಳಿತು ಇಂಥದೇ ಒಂದು ಭಾಷಣ ಕೇಳಿದ್ದೆ. ಆಗ ಬಂದಿದ್ದ ಹಿರಿಯರು ಪತ್ರಕರ್ತನ ಸಾಮಾಜಿಕ ಹೊಣೆಗಾರಿಕೆಯ ಬಗ್ಗೆ ಒಂದು ಗಂಟೆ ಮಾತನಾಡಿದರು. ಹೊಟ್ಟೆಪಾಡಿನ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಇವತ್ತು ನಾನು ಆ ಎರಡನೆಯ ವಿಷಯವನ್ನೇ ಎತ್ತಿಕೊಳ್ಳುತ್ತೇನೆ. ಈಗಷ್ಟೇ ನಿಮ್ಮಲ್ಲಿ ಎಷ್ಟು ಜನ ಯಾವ ಪತ್ರಿಕೆಯ ಕೆಲಸಕ್ಕೂ ಸೇರದೆ ಸ್ವತಂತ್ರವಾಗಿ ಬರೆಯಬೇಕೆಂದಿದ್ದೀರಿ ಎಂದು ಕೇಳಿದೆ. ಅರ್ಧದಷ್ಟು ಕೈಗಳು ಮೇಲೆದ್ದವು. ಸಂತೋಷ. ಆದರೆ ಆ ಕೈಗಳ ಒಡೆಯರಿಗೆ ಒಂದು ಪ್ರಶ್ನೆ ಕೇಳಿಯೇ ನಾನು ಇಲ್ಲಿಂದ ಹೊರಡುವವನು.

ಮೊದಲು ಹೆಸರಿನಿಂದಲೇ ಪ್ರಾರಂಭಿಸೋಣ. ಇಂಗ್ಲಿಷಿನಲ್ಲಿ ಇಂಥವರನ್ನು ಫ್ರೀಲ್ಯಾನ್ಸರ್ ಎನ್ನುತ್ತಾರೆ. ಈ ಪದವನ್ನು ಪ್ರಚಾರಕ್ಕೆ ತಂದದ್ದು 1819ರ ಕೊನೆಯಲ್ಲಿ ಪ್ರಕಟವಾದ ವಾಲ್ಟರ್ ಸ್ಕಾಟ್‌ನ ‘ಐವಾನ್‌ಹೋ’ ಕಾದಂಬರಿ. ಲ್ಯಾನ್ಸ್ ಎಂದರೆ ಭರ್ಜಿ. ಯಾವ ಅರಸನಿಗೂ ಕಾಯಂ ಆಗಿ ಕಟ್ಟುಬೀಳದೆ, ಕೂಲಿ ಕೊಟ್ಟವರ ಪರವಾಗಿ ಭರ್ಜಿ ಹಿಡಿಯುವ ಯೋಧರಿಗೆ ಅಲ್ಲಿ ಆ ಹೆಸರು. ಕನ್ನಡದಲ್ಲಿ ನಾವು ‘ಹವ್ಯಾಸಿ ಪತ್ರಕರ್ತ’ ಎಂದೆವು. ಈ ಅನುವಾದ ಬಹಳ ಜನರ ಬದುಕನ್ನು ಕೆಡಿಸಿದೆ ಎಂದು ನನ್ನ ಅಭಿಪ್ರಾಯ. ಹವ್ಯಾಸ ಎಂದರೆ ಸಂಜೆ ಹೊತ್ತು ಕೇರಂ ಆಡುವುದು, ಅಂಚೆಚೀಟಿ ಕೂಡಿಡುವುದು. ಹವ್ಯಾಸಿಗೆ ಹಣ ಏಕೆ ಕೊಡಬೇಕು? ಕೊಟ್ಟರೂ ಅದು ‘ಗೌರವಧನ’. ಗೌರವ ಹೆಚ್ಚು, ಧನ ಕಡಿಮೆ! ಇಂಗ್ಲಿಷಿನವನ ಪದದಲ್ಲಿ ಕೂಲಿಯಾದರೂ ಇತ್ತು, ನಮ್ಮ ಪದದಲ್ಲಿ ಅದೂ ಹೋಯಿತು.

ಹಾಗಾದರೆ ಈ ದಾರಿಯಲ್ಲಿ ನಡೆದು ಬಾಳಿದವರು ಯಾರೂ ಇಲ್ಲವೆ? ಇದ್ದಾರೆ. ದೂರ ಹೋಗಬೇಕಾಗಿಲ್ಲ, ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ನೋಡಿ.

1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸತ್ಯನ್ ಮಹಾರಾಜ ಕಾಲೇಜಿನಲ್ಲಿ ಓದಿದವರು. 1948ರಲ್ಲಿ ಬೆಂಗಳೂರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಶುರುವಾದಾಗ ಅದರ ಛಾಯಾಗ್ರಾಹಕರಾದರು. ಆಮೇಲೆ ‘ಇಲಸ್ಟ್ರೇಟೆಡ್ ವೀಕ್ಲಿ’ಗೆ ಹೋದರು. ಎರಡೂ ಒಳ್ಳೆಯ ಕೆಲಸಗಳೇ. ಆದರೂ ಸಂಬಳ ಬಿಟ್ಟು ಸ್ವತಂತ್ರ ವೃತ್ತಿಗೆ ಇಳಿದರು. ಮುಂದೆ ಅಮೆರಿಕದ ‘ಲೈಫ್’ ಪತ್ರಿಕೆಗೆ ಚಿತ್ರ ತೆಗೆದರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನ ಕಾರ್ಯವನ್ನು ಚಿತ್ರಿಸಿದರು. ಯುನಿಸೆಫ್‌ಗಾಗಿ ಮಕ್ಕಳ ಚಿತ್ರ ತೆಗೆದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಆ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. 1977ರಲ್ಲಿ ಪದ್ಮಶ್ರೀ ಬಂದಿತ್ತು.

ಇಷ್ಟೇ ಆಗಿದ್ದರೆ ಅವರು ಒಬ್ಬ ದೊಡ್ಡ ಛಾಯಾಗ್ರಾಹಕರು ಎಂದು ಹೇಳಿ ಸುಮ್ಮನಾಗಬಹುದಿತ್ತು. ಅವರು ಬರಹಗಾರರೂ ಹೌದು. 2005ರಲ್ಲಿ ‘ಅಲೈವ್ ಅಂಡ್ ಕ್ಲಿಕಿಂಗ್’ ಎಂಬ ಆತ್ಮಕಥನ ಇಂಗ್ಲಿಷಿನಲ್ಲಿ ಬಂತು; ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಬರೆದರು. ಎಂಬತ್ತು ದಾಟಿದ ಮೇಲೆ ‘ಚುರುಮುರಿ’ ಎಂಬ ಅಂತರಜಾಲ ತಾಣಕ್ಕೂ ಹಳೆಯ ಮೈಸೂರಿನ ನೆನಪುಗಳನ್ನು ಬರೆದುಕೊಟ್ಟರು. 2009ರ ಡಿಸೆಂಬರಿನಲ್ಲಿ, 86ನೆಯ ಹುಟ್ಟುಹಬ್ಬಕ್ಕೆ ಐದು ದಿನ ಉಳಿದಿರುವಾಗ ತೀರಿಕೊಂಡರು. ಒಂದೇ ಬದುಕಿನಲ್ಲಿ ಪತ್ರಿಕೆ, ಪುಸ್ತಕ, ಪ್ರದರ್ಶನ, ಅಂತರಜಾಲ ಎಲ್ಲವೂ ಆಯಿತು.

ಈಗ ಇನ್ನೊಂದು ಮಾತು ಗಮನಿಸಿ. ‘ಲೈಫ್’ ವಾರಪತ್ರಿಕೆ 1972ರಲ್ಲಿ ನಿಂತಿತು. ‘ಇಲಸ್ಟ್ರೇಟೆಡ್ ವೀಕ್ಲಿ’ 1993ರಲ್ಲಿ ಮುಚ್ಚಿತು. ಸತ್ಯನ್ ಅವರ ಚಿತ್ರಗಳನ್ನು ಅಚ್ಚು ಹಾಕಿದ್ದ ದೊಡ್ಡ ದೊಡ್ಡ ಪತ್ರಿಕೆಗಳು ಹೋದವು, ಚಿತ್ರಗಳು ಉಳಿದವು. ಮನೆ ಬಿದ್ದ ಮೇಲೂ ಬಾಡಿಗೆಗೆ ಇದ್ದವನ ಪೆಟ್ಟಿಗೆ ಉಳಿದ ಹಾಗೆ! ಸ್ವತಂತ್ರ ವೃತ್ತಿಯವನ ಆಸ್ತಿ ಎಂದರೆ ಆ ಪೆಟ್ಟಿಗೆ. ಅದರಲ್ಲಿ ಏನಿದೆ, ಬೀಗದ ಕೈ ಯಾರ ಹತ್ತಿರ ಇದೆ ಎನ್ನುವುದೇ ಮುಖ್ಯ.

ಇದನ್ನು ಮೊದಲು ಸಂಘಟಿತವಾಗಿ ಅರಿತುಕೊಂಡವರು 1947ರಲ್ಲಿ ‘ಮ್ಯಾಗ್ನಂ’ ಎಂಬ ಸಹಕಾರಿ ಸಂಸ್ಥೆ ಕಟ್ಟಿದ ರಾಬರ್ಟ್ ಕಾಪಾ, ಹೆನ್ರಿ ಕಾರ್ಟಿಯೆ ಬ್ರೆಸೋ ಮೊದಲಾದ ಛಾಯಾಗ್ರಾಹಕರು. ಅಲ್ಲಿಯವರೆಗೆ ಪತ್ರಿಕೆಗೆ ಚಿತ್ರ ಕೊಟ್ಟರೆ ಅನೇಕ ಸಲ ಅದರ ಹಕ್ಕೂ ಪತ್ರಿಕೆಯದೇ ಆಗುತ್ತಿತ್ತು. ಇವರು, ಹಕ್ಕು ಚಿತ್ರ ತೆಗೆದವನದೇ, ಪತ್ರಿಕೆಗೆ ಅಚ್ಚು ಹಾಕಲು ಅನುಮತಿ ಮಾತ್ರ ಎಂದರು. ಒಂದೇ ಚಿತ್ರ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಅಚ್ಚಾಗಿ, ತೆಗೆದವನಿಗೆ ಮತ್ತೆ ಮತ್ತೆ ಹಣ ಬರುವುದು ಸಾಧ್ಯವಾಯಿತು.

ಅದಕ್ಕೂ ಐದು ವರ್ಷ ಮೊದಲೇ ಮೈಸೂರಿನಲ್ಲಿ ಒಬ್ಬರು ಇಂಥದೇ ಕೆಲಸವನ್ನು ಸದ್ದಿಲ್ಲದೆ ಮಾಡಿದ್ದರು. ಅವರು ಸತ್ಯನ್ ಅವರ ಮಿತ್ರರಾದ ಆರ್.ಕೆ. ನಾರಾಯಣ್. ಯೌವನದಲ್ಲಿ ಅವರೂ ಮದರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನಿಂದ ಬಿಡಿ ಸುದ್ದಿ ಕಳಿಸುತ್ತಿದ್ದವರು. ಅಚ್ಚಾದ ಸುದ್ದಿಯ ಉದ್ದ ಅಳೆದು ಅವರಿಗೆ ಹಣ ಕೊಡುತ್ತಿದ್ದರು. ಮಹಾಯುದ್ಧದಿಂದಾಗಿ ಇಂಗ್ಲೆಂಡಿನ ಪ್ರಕಾಶಕರ ಸಂಪರ್ಕ ಕಡಿದಾಗ, 1942ರಲ್ಲಿ ‘ಇಂಡಿಯನ್ ಥಾಟ್ ಪಬ್ಲಿಕೇಷನ್ಸ್’ ಆರಂಭಿಸಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಮಾಲ್ಗುಡಿಯ ಬೀಗದ ಕೈ ಅವರ ಜೇಬಿನಲ್ಲೇ ಉಳಿಯಿತು.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಬೇಕೆಂದರೆ ಪಿ. ಸಾಯಿನಾಥ್. 1993ರಲ್ಲಿ ಒಂದು ಫೆಲೋಶಿಪ್ ಪಡೆದು ದೇಶದ ಕಡುಬಡ ಜಿಲ್ಲೆಗಳಿಗೆ ಹೋದರು. ಅಲ್ಲಿಂದ ಬರೆದ ವರದಿಗಳು 1996ರಲ್ಲಿ ಪುಸ್ತಕವಾದವು, ಕನ್ನಡಕ್ಕೆ ಜಿ.ಎನ್. ಮೋಹನ್ ಅದನ್ನು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ತಂದಿದ್ದಾರೆ. ಬರೆಯಲು ಹೋದವರು ಕ್ಯಾಮರಾವನ್ನೂ ಒಯ್ದಿದ್ದರು. 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ, ದುಡಿಯುವ ಹಳ್ಳಿ ಹೆಂಗಸರ ಚಿತ್ರಗಳನ್ನು ತೆಗೆದರು. ಅದು ಮೊದಲು ಊರೂರು ಸುತ್ತುವ ಪ್ರದರ್ಶನವಾಯಿತು. 2014ರ ಡಿಸೆಂಬರಿನಲ್ಲಿ ಅವರು ‘ಪರಿ’ ಎಂಬ ಗ್ರಾಮೀಣ ಭಾರತದ ಅಂತರಜಾಲ ಭಂಡಾರ ಆರಂಭಿಸಿದ ಮೇಲೆ ಅದೇ ಚಿತ್ರಗಳು ಅಲ್ಲಿಗೂ ಬಂದವು. ಫಿಲ್ಮಿನಲ್ಲಿ ತೆಗೆದದ್ದು ಪರದೆಯ ಮೇಲೆ ಮತ್ತೊಮ್ಮೆ ಜೀವ ಪಡೆಯಿತು. ಅವು ಅವರ ಕೈಯಲ್ಲೇ ಉಳಿದಿದ್ದರಿಂದ ಇದು ಆಯಿತು.

ಇನ್ನು ಕಾನೂನು ಏನು ಹೇಳುತ್ತದೆ ನೋಡೋಣ. ನಿದ್ದೆ ಮಾಡಬೇಡಿ, ಇದು ನಿಮ್ಮ ಅನ್ನದ ವಿಚಾರ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನನ್ನಂತೆ ಪತ್ರಿಕೆಯ ನೌಕರಿಯಲ್ಲಿದ್ದು ಬರೆದರೆ, ಬೇರೆ ಒಪ್ಪಂದವಿಲ್ಲದಿದ್ದಾಗ, ಅದನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಉಳಿದ ಹಕ್ಕು ಬರೆದವನದು. ಛಾಯಾಚಿತ್ರಕ್ಕೆ ಇನ್ನೊಂದು ಕೊಕ್ಕೆ ಇದೆ. ಹಣ ಕೊಟ್ಟು ಯಾರಾದರೂ ‘ಈ ಚಿತ್ರ ತೆಗೆದುಕೊಡು’ ಎಂದು ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ತೆಗೆಸಿದವರದು. ಮದುವೆ ಮನೆಯ ಆಲ್ಬಮ್ಮಿನ ಹಕ್ಕು ಮದುವೆ ಮನೆಯವರದು ಎಂದಾಯಿತು. ಆದ್ದರಿಂದ ಕೆಲಸ ಒಪ್ಪಿಕೊಳ್ಳುವ ಮೊದಲೇ ಎರಡು ಸಾಲಿನ ಕಾಗದ ಆಗಬೇಕು.

19ನೇ ಸೆಕ್ಷನ್ ಇನ್ನೂ ಉಪಯುಕ್ತ. ಹಕ್ಕನ್ನು ವರ್ಗಾಯಿಸಬೇಕಾದರೆ ಅದು ಬರಹದಲ್ಲಿದ್ದು, ಸಹಿ ಇರಬೇಕು. ಬಾಯಿಮಾತು ನಡೆಯದು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದು, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ತಿಳಿಯುತ್ತದೆ. ಹಕ್ಕನ್ನೆಲ್ಲ ಮಾರಿದರೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಅಧಿಕಾರ 57ನೇ ಸೆಕ್ಷನ್ ಪ್ರಕಾರ ನಿಮ್ಮದೇ. ಛಾಯಾಚಿತ್ರದ ಹಕ್ಕು ಮೊದಲು ಪ್ರಕಟವಾದ ಮೇಲೆ 60 ವರ್ಷ ಮಾತ್ರ ಇತ್ತು. 2012ರ ತಿದ್ದುಪಡಿಯ ನಂತರ ಕವಿತೆ, ಕಾದಂಬರಿಗಳಂತೆ ಅದೂ ತೆಗೆದವನ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ಎಂದರೆ ಇವತ್ತು ನೀವು ತೆಗೆಯುವ ಒಂದು ಚಿತ್ರ ನಿಮ್ಮ ಮೊಮ್ಮಕ್ಕಳಿಗೆ ಸೇರಬಹುದಾದ ಆಸ್ತಿ.

ಇಷ್ಟೆಲ್ಲ ಹೇಳುವ ನನಗೆ ಇದು ಮೊದಲೇ ಗೊತ್ತಿತ್ತೆ? ಇರಲಿಲ್ಲ. ಕೋರ್ಸು ಮುಗಿದ ಮೇಲೆ ಒಂದು ವರ್ಷ ನಾನೂ ಸ್ವತಂತ್ರವಾಗಿ ಓಡಾಡಿದವನು. ಬೆಳಿಗ್ಗೆ ಲೇಖನ, ಮಧ್ಯಾಹ್ನ ಅನುವಾದ, ವಾರದ ಕೊನೆಗೆ ಮದುವೆ ಫೋಟೋ. ಆಗ ನಮ್ಮೂರ ಜಾತ್ರೆಗೆ ಒಂದು ನಾಟಕ ಕಂಪನಿ ಬಂದು ಬಿಡಾರ ಹೂಡಿತ್ತು. ಎಪ್ಪತ್ತರ ಆಸುಪಾಸಿನ ಹಿರಿಯ ನಟರೊಬ್ಬರು ಒಡೆದ ಕನ್ನಡಿಯ ಚೂರು ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಅರ್ಧ ಮುಖ ರಾಜ, ಇನ್ನರ್ಧ ಮುಖ ಮುದುಕ. ಆ ಚಿತ್ರ ತೆಗೆದೆ. ನನ್ನ ಮಟ್ಟಿಗೆ ಅಷ್ಟು ಒಳ್ಳೆಯ ಚಿತ್ರ ಅದಕ್ಕೆ ಮೊದಲೂ ಬಿದ್ದಿರಲಿಲ್ಲ, ಆಮೇಲೂ ಬಿದ್ದಿಲ್ಲ.

ಒಂದು ಅಂತರಜಾಲ ತಾಣಕ್ಕೆ ಅದನ್ನೂ ಒಂದು ಪುಟದ ಬರಹವನ್ನೂ ಕಳಿಸಿದೆ. ಕಾಗದ ಇಲ್ಲ, ಕರಾರು ಇಲ್ಲ. ಬರಹ ಬಂತು, ಚಿತ್ರದ ಕೆಳಗೆ ನನ್ನ ಹೆಸರು ಬರಲಿಲ್ಲ. ಹಣ ‘ಮುಂದಿನ ತಿಂಗಳು’ ಎಂದರು. ಆ ತಿಂಗಳು ಇನ್ನೂ ಬಂದಿಲ್ಲ. ಅದನ್ನಾದರೂ ಮರೆಯಬಹುದಿತ್ತು. ಮರುವಾರ ಒಂದು ಮದುವೆ ಕೆಲಸ ಇತ್ತು, ಮೆಮೊರಿ ಕಾರ್ಡು ತುಂಬಿತ್ತು. ಹೇಗೂ ಪ್ರಕಟವಾಗಿದೆಯಲ್ಲ ಎಂದು ಎಲ್ಲವನ್ನೂ ಅಳಿಸಿಬಿಟ್ಟೆ. ಸತ್ಯನ್ ಕಾಲದವರ ನೆಗೆಟಿವ್ ಕೈಗೆ ಸಿಗುವ ವಸ್ತುವಾಗಿತ್ತು. ಅದನ್ನು ಹಾಳುಮಾಡಲು ಬೆಂಕಿಯೋ ಗೆದ್ದಲೋ ಬೇಕಿತ್ತು. ನನ್ನದಕ್ಕೆ ಒಂದು ಬೆರಳು ಸಾಕಾಯಿತು.

ಎಂಟು ತಿಂಗಳ ಮೇಲೆ ಆ ನಟರ ಮಗ ನನ್ನನ್ನು ಹುಡುಕಿಕೊಂಡು ಬಂದರು. ತಂದೆ ತೀರಿಕೊಂಡಿದ್ದರು. ಬಣ್ಣದಲ್ಲಿರುವ ಅವರ ಚಿತ್ರ ಮನೆಯಲ್ಲಿ ಬೇರೆ ಇರಲಿಲ್ಲ. ಗೋಡೆಗೆ ಹಾಕಲು ದೊಡ್ಡದು ಮಾಡಿಕೊಡಿ, ಎಷ್ಟಾದರೂ ಕೊಡುತ್ತೇನೆ ಎಂದರು. ನನ್ನ ಹತ್ತಿರ ಮೂಲ ಇರಲಿಲ್ಲ. ಆ ತಾಣದಲ್ಲಿ ಉಳಿದಿದ್ದು ಅಂಗೈಯಗಲದ ಪ್ರತಿ. ದೊಡ್ಡದು ಮಾಡಿಸಿದಾಗ ಮುಖ ಚೌಕ ಚೌಕವಾಗಿ ಒಡೆದುಹೋಯಿತು. ಅವರು ಬೈಯಲಿಲ್ಲ. ‘ಇರಲಿ ಬಿಡಿ, ಇದೇ ಸಾಕು’ ಎಂದು ಅದನ್ನೇ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅದಾದ ಕೆಲವು ದಿನಗಳಲ್ಲಿ ನಾನು ಈ ಕೆಲಸಕ್ಕೆ ಅರ್ಜಿ ಹಾಕಿದೆ. ಮನೆಯ ಬಾಡಿಗೆಯೂ ಒಂದು ಕಾರಣ, ಮುಚ್ಚುಮರೆ ಏಕೆ? ಆದ್ದರಿಂದ ಸ್ವತಂತ್ರ ವೃತ್ತಿಗೆ ಬನ್ನಿ ಎಂದಾಗಲಿ, ಬರಬೇಡಿ ಎಂದಾಗಲಿ ಹೇಳುವ ಯೋಗ್ಯತೆ ನನಗಿಲ್ಲ. ಬರುವುದಾದರೆ ಮೂರು ಕೆಲಸ ಮಾಡಿ. ಏನನ್ನೇ ಕಳಿಸಿದರೂ ಮೂಲ ಪ್ರತಿ ಎರಡು ಕಡೆ ಇಡಿ. ಪ್ರತಿ ಚಿತ್ರದ ಜೊತೆ ದಿನಾಂಕ, ಊರು, ಅದರಲ್ಲಿರುವವರ ಹೆಸರು ಬರೆದಿಡಿ. ಹೆಸರಿಲ್ಲದ ಚಿತ್ರ ಇಪ್ಪತ್ತು ವರ್ಷದ ಮೇಲೆ ನಿಮಗೇ ಒಗಟಾಗುತ್ತದೆ. ಯಾರಿಗೆ, ಎಷ್ಟು ಕಾಲಕ್ಕೆ, ಯಾವುದಕ್ಕೆ ಕೊಟ್ಟಿರಿ ಎಂಬುದಕ್ಕೆ ಎರಡು ಸಾಲಿನ ಒಪ್ಪಂದ ಬರೆಸಿಕೊಂಡು ಸಹಿ ಮಾಡಿಸಿ.

ಪೆಟ್ಟಿಗೆಯಲ್ಲಿರುವುದು ನಮ್ಮ ಆಸ್ತಿ ಎಂದು ಆಗಲೇ ಹೇಳಿದೆ. ಅದು ಅರ್ಧ ಮಾತ್ರ ನಿಜ. ಅದರಲ್ಲಿ ಇನ್ನೊಬ್ಬರ ಅಪ್ಪನ ಮುಖವೂ ಇರುತ್ತದೆ. ಅವರು ಒಂದು ದಿನ ಕೇಳಿಕೊಂಡು ಬರುತ್ತಾರೆ. ಕೈ ಎತ್ತಿದವರಿಗೆ ನನ್ನ ಪ್ರಶ್ನೆ ಇಷ್ಟೇ: ಆ ದಿನ ನೆಗೆಟಿವ್ ಯಾರ ಪೆಟ್ಟಿಗೆಯಲ್ಲಿ ಇರುತ್ತದೆ?