ಘಟ್ಟವೇರುವ ಸೈಕಲ್ಲು



ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಮೂಡಣ ದಿಕ್ಕೆಂದರೆ ಏರುದಾರಿ ಎಂದೇ ಅರ್ಥ. ಮೈಸೂರಿಗೋ ಬೆಂಗಳೂರಿಗೋ ಹೋದವನನ್ನು ನಮ್ಮ ಹಿರಿಯರು ‘ಘಟ್ಟ ಹತ್ತಿದ’ ಎಂದೇ ಹೇಳುತ್ತಿದ್ದರು. ಆ ಹತ್ತುವಿಕೆಯನ್ನು ಬಸ್ಸಿನಲ್ಲಿ ಕುಳಿತು ತೂಕಡಿಸುತ್ತ ಮಾಡದೆ, ಸೈಕಲ್ಲಿನ ಮೇಲೆ, ಸ್ವಂತ ಕಾಲಿನ ಬಲದಿಂದ, ಅದೂ ಪಂದ್ಯವಾಗಿ ಮಾಡುವುದಾದರೆ ನಮ್ಮ ಯಾವ ಘಟ್ಟ ಗೆಲ್ಲುವವನನ್ನು ಆರಿಸೀತು? ಈ ಹೊತ್ತು ನಿಮ್ಮ ಮುಂದಿಡಬೇಕೆಂದಿರುವುದು ಅಂಥದೊಂದು ಊಹೆಯನ್ನು.

ಊಹೆಗೆ ಕಾರಣವಿಲ್ಲದಿಲ್ಲ. 2026ರ ಜನವರಿಯಲ್ಲಿ ಪುಣೆಯ ಸುತ್ತಮುತ್ತ, ಇದೇ ಸಹ್ಯಾದ್ರಿಯ ಬಡಗಣ ಭಾಗದ ಬೆಟ್ಟಗಳಲ್ಲಿ, ಐದು ದಿನಗಳ ಅಂತರರಾಷ್ಟ್ರೀಯ ಸೈಕಲ್ ಪಂದ್ಯ ನಡೆಯಿತು. ಹೊರದೇಶಗಳ ವೃತ್ತಿಪರ ತಂಡಗಳು ಬಂದಿದ್ದವು. ಅಂದಿನಿಂದ ಪುತ್ತೂರಿನಲ್ಲಿ ನಾನು ಸೈಕಲ್ಲಿಗೆ ಗಾಳಿ ಹಾಕಿಸುವ ಅಂಗಡಿಯ ಜಗಲಿಯಲ್ಲಿ ತರುಣರದ್ದು ಒಂದೇ ಮಾತು: ಮುಂದಿನ ಸಲ ಪಂದ್ಯ ನಮ್ಮ ಕಡೆಗೇ ಬಂದರೆ? ಬರುತ್ತದೆಂದು ಯಾರೂ ಸಾರಿಲ್ಲ. ಆದರೂ ಜಗಲಿಯ ಮೇಲೆ ಕುಳಿತವರಿಗೆ ದಾರಿ ಗೊತ್ತುಮಾಡಲು ಯಾರ ಅಪ್ಪಣೆ ಬೇಕು?

ಇಂಥ ಪಂದ್ಯದಲ್ಲಿ ಪ್ರತಿದಿನವೂ ಒಂದೊಂದು ಹಂತ. ಎಲ್ಲ ದಿನಗಳ ಹೊತ್ತನ್ನು ಕೂಡಿಸಿ, ಯಾರದು ಕಡಿಮೆಯೋ ಅವನೇ ವಿಜಯಿ. ಸಪಾಟು ನೆಲದಲ್ಲಿ ನೂರಾರು ಸವಾರರು ಒಂದು ಹಿಂಡಾಗಿ ಸಾಗುತ್ತಾರೆ. ಮುಂದಿನವನು ಗಾಳಿಯನ್ನು ಸೀಳಿಕೊಟ್ಟರೆ ಹಿಂದಿನವನಿಗೆ ಬಹಳಷ್ಟು ಶ್ರಮ ಉಳಿಯುತ್ತದೆ. ಆದುದರಿಂದ ಬಯಲಿನಲ್ಲಿ ಎಷ್ಟು ವೇಗವಾಗಿ ತುಳಿದರೂ ಒಬ್ಬನಿಂದ ಒಬ್ಬನು ಕಳಚಿಕೊಳ್ಳುವುದು ಕಷ್ಟ. ಕಡಿದಾದ ಏರಿನಲ್ಲಿ ವೇಗ ತಗ್ಗುತ್ತದೆ. ವೇಗ ತಗ್ಗಿದಂತೆ ಗಾಳಿಯ ತಡೆಯೂ ತಗ್ಗುತ್ತದೆ. ಅಲ್ಲಿ ಎಳೆಯುವುದು ಭೂಮಿ ಮಾತ್ರ. ಭೂಮಿ ಎಳೆಯುವಾಗ ಗೆಳೆಯನ ಬೆನ್ನು ಮರೆಯಾಗಿ ನಿಲ್ಲುವುದಿಲ್ಲ. ತನ್ನ ತೂಕವನ್ನು ತಾನೇ ಹೊರಬೇಕು. ವಾರಗಟ್ಟಲೆಯ ಪಂದ್ಯ ಒಂದೇ ಮಧ್ಯಾಹ್ನ, ಒಂದೇ ಬೆಟ್ಟದಲ್ಲಿ ತೀರ್ಮಾನವಾಗಿಬಿಡುವುದು ಈ ಕಾರಣದಿಂದ.

ಪಂದ್ಯದ ದಾರಿ ನೋಡಲು ಹೋದವನೊಬ್ಬನ ಕತೆ ಇಲ್ಲಿ ನೆನಪಾಗುತ್ತದೆ. ಫ್ರಾನ್ಸಿನ ಪ್ರಸಿದ್ಧ ಪಂದ್ಯ 1903ರಲ್ಲಿ ಮೊದಲಾಯಿತಷ್ಟೆ. ಅದನ್ನು 1910ರಲ್ಲಿ ಪಿರೆನೀಸ್ ಪರ್ವತಗಳ ಮೇಲೆ ಹಾಯಿಸುವ ಯೋಚನೆ ಹುಟ್ಟಿತು. ಆಲ್ಫೋನ್ಸ್ ಸ್ಟೈನೆಸ್ ಎಂಬ ಪತ್ರಿಕೋದ್ಯೋಗಿ 2115 ಮೀಟರ್ ಎತ್ತರದ ತೂರ್ಮಾಲೆ ಕಣಿವೆದಾರಿಯನ್ನು ಪರೀಕ್ಷಿಸಲು ಹೋದ. ಹಿಮದಲ್ಲಿ ಬಾಡಿಗೆಯ ಕಾರು ಹೂತುಹೋಯಿತು. ಕತ್ತಲಲ್ಲಿ ಒಬ್ಬನೇ ನಡೆದು, ಬಿದ್ದು ಎದ್ದು, ಅಪರಾತ್ರಿಯಲ್ಲಿ ಆಚೆಯ ಊರು ಸೇರಿದ. ಬೆಳಗಾದ ಮೇಲೆ ಯಜಮಾನನಿಗೆ ತಂತಿ ಕಳಿಸಿದ: ದಾಟಿದೆ, ದಾರಿ ಬಹಳ ಚೆನ್ನಾಗಿದೆ ಎಂದು! ಆ ಸುಳ್ಳನ್ನು ನಂಬಿ ಪಂದ್ಯ ನಡೆಯಿತು. ಒಕ್ತಾವ್ ಲಾಪೀಜ್ ಎಂಬ ಸವಾರ ಏರಿನಲ್ಲಿ ಸೈಕಲ್ ತಳ್ಳುತ್ತ, ಪಂದ್ಯ ನಡೆಸುವವರನ್ನು ಕೊಲೆಗಡುಕರೆಂದು ಬೈದನಂತೆ. ಬೈದವನೇ ಆ ವರ್ಷ ಗೆದ್ದ. ತೂರ್ಮಾಲೆಯನ್ನು ಸೈಕಲ್ಲಿನಿಂದ ಇಳಿಯದೆ ಏರಿದ ಗಾರಿಗೂ ಎಂಬವನಿಗೆ ನೂರು ಫ್ರಾಂಕ್ ಬಹುಮಾನ ಸಿಕ್ಕಿತು.

ನಾನು ಸ್ಟೈನೆಸನಂತೆ ತಂತಿ ಕಳಿಸುವವನಲ್ಲ. ನಮ್ಮ ದಾರಿಗಳನ್ನು ಇದ್ದಂತೆಯೇ ಹೇಳುತ್ತೇನೆ.

ಮೊದಲು ಶಿರಾಡಿ. ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ ದಾಟಿ, ಕೆಂಪುಹೊಳೆಯ ಒತ್ತಿನಲ್ಲೇ ಸಕಲೇಶಪುರಕ್ಕೆ ಏರುವ ಹೆದ್ದಾರಿ. ಕಾಂಕ್ರೀಟು ಹಾಕಲೆಂದು 2015ರಲ್ಲಿಯೂ 2018ರಲ್ಲಿಯೂ ಇದನ್ನು ತಿಂಗಳುಗಟ್ಟಲೆ ಮುಚ್ಚಿದಾಗ ಕರಾವಳಿಯ ವ್ಯಾಪಾರಕ್ಕೆ ಆದ ತೊಂದರೆ ತಾವು ಬಲ್ಲಿರಿ. ಮಂಗಳೂರು ಬಂದರಿನ ಲಾರಿಗಳೂ ಟ್ಯಾಂಕರುಗಳೂ ಹಗಲಿರುಳು ಓಡಾಡುವ ದಾರಿಯನ್ನು ಸೈಕಲ್ಲಿಗಾಗಿ ಅರ್ಧ ದಿನ ತೆರವು ಮಾಡಿಸುವುದು ಕನಸಿನಲ್ಲಿಯೂ ಆಗದ ಮಾತು. ಶಿರಾಡಿಯನ್ನು ಬಿಟ್ಟುಬಿಡೋಣ.

ಅದರ ನೆರೆಯ ರೈಲುಹಾದಿಯ ಒಂದು ಲೆಕ್ಕವನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರಕ್ಕೆ 55 ಕಿಲೋಮೀಟರು, 57 ಸುರಂಗಗಳು. ಅಲ್ಲಿ ಐವತ್ತು ಮೀಟರು ಸಾಗಿದರೆ ಒಂದು ಮೀಟರು ಏರು, ಅಂದರೆ ನೂರಕ್ಕೆ ಎರಡು. ಉಕ್ಕಿನ ಎಂಜಿನ್ನುಗಳಿಗೆ ಏದುಸಿರು ತರಿಸಲು ಅಷ್ಟು ಸಾಕು. ಸೈಕಲ್ಲಿನವನಿಗೆ ನೂರಕ್ಕೆ ಎರಡು ಎಂದರೆ ಏರೇ ಅಲ್ಲ.

ಇನ್ನು ಸಂಪಾಜೆ. ಜಗಲಿಯ ತರುಣರೆಲ್ಲರ ಮತವೂ ಇದಕ್ಕೇ. ಪುತ್ತೂರಿನಲ್ಲಿ ಹೊರಟು, ಸುಳ್ಯ, ಅರಂತೋಡು, ಕಲ್ಲುಗುಂಡಿ ದಾಟಿ, ಜೋಡುಪಾಲ, ಮದೆನಾಡುಗಳ ಮೇಲೆ ಹಾದು ಮಡಿಕೇರಿಯಲ್ಲಿ ಮುಗಿಯುವ ಹಂತ, ನೋಡಲಂತೂ ಸೊಗಸು. ಸಂಪಾಜೆಯಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರು, ಏರುವ ಎತ್ತರ ಸುಮಾರು ಸಾವಿರ ಮೀಟರು. ಫ್ರಾನ್ಸಿನ ಆಲ್ಪ್ ದ್ಯುಯೆಜ್ ಎಂಬ ಹೆಸರಾಂತ ಬೆಟ್ಟದಲ್ಲಿಯೂ ಎತ್ತರ ಹೆಚ್ಚುಕಡಿಮೆ ಇಷ್ಟೇ. ಆದರೆ ಅಲ್ಲಿ ಅದನ್ನು 14 ಕಿಲೋಮೀಟರಿನೊಳಗೆ, 21 ಹಿಮ್ಮುರಿ ತಿರುವುಗಳಲ್ಲಿ ಮುಗಿಸಬೇಕು. ಅಲ್ಲಿಯದು ನೂರಕ್ಕೆ ಎಂಟು, ಸಂಪಾಜೆಯದು ನೂರಕ್ಕೆ ಮೂರೂವರೆ. ನುರಿತ ವೃತ್ತಿಪರರು ಮೂರೂವರೆಯ ಏರಿನಲ್ಲಿ ಇನ್ನೂ ಬೆನ್ನ ಹಿಂದೆ ಬೆನ್ನು ಬಿಡದೆ ಹಿಂಡಾಗಿಯೇ ಬರುತ್ತಾರೆ. ಸಂಪಾಜೆ ದಣಿಸುತ್ತದೆ, ತೀರ್ಪು ಕೊಡುವುದಿಲ್ಲ. ನನ್ನ ಈ ಮಾತಿಗೆ ಜಗಲಿಯಲ್ಲಿ ಬಹಳ ಆಕ್ಷೇಪವಿದೆ.

ದಣಿಸುತ್ತದೆ ಎಂದೆನಲ್ಲ, ಅದು ಅನುಭವದ ಮಾತು. ಕಾಲೇಜಿನ ದಿನಗಳಲ್ಲಿ, ಒಂದು ಡಿಸೆಂಬರ್ ರಜೆಯಲ್ಲಿ, ಅಣ್ಣನ ಸೈಕಲ್ಲನ್ನು ಬೇಡಿ ಪಡೆದು ಸುಳ್ಯದಿಂದ ಮಡಿಕೇರಿಗೆ ಹೊರಟಿದ್ದೆ. ಅಡಿಕೆ ಚೀಲ ಹೊರಲೆಂದೇ ಮಾಡಿದಂಥ ಕರಿಯ ಸೈಕಲ್ಲು. ಗೇರಿನ ಮಾತೇ ಇಲ್ಲ. ಇಂದು ಪಂದ್ಯದ ಸೈಕಲ್ಲು 6.8 ಕಿಲೋಗ್ರಾಮಿಗಿಂತ ಹಗುರವಿರಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ನನ್ನದು ಅದರ ಮೂರು ಪಟ್ಟು ತೂಗುತ್ತಿದ್ದಿರಬೇಕು. ಕೊಯನಾಡಿನ ತನಕ ತುಳಿದೆ. ಆಮೇಲೆ ಸ್ವಲ್ಪ ತುಳಿದೆ, ಬಹಳ ತಳ್ಳಿದೆ. ಮಡಿಕೇರಿ ಮುಟ್ಟುವಾಗ ದೀಪ ಹೊತ್ತಿಸುವ ಹೊತ್ತು. ಮರುದಿನ ಇಳಿಯುವಾಗ ಬ್ರೇಕಿನ ರಬ್ಬರು ಸವೆದು ಕಬ್ಬಿಣ ಕೀರಲು ತೊಡಗಿತು. ದಾರಿಬದಿಯ ಗೂಡಂಗಡಿಯವರೊಬ್ಬರು, “ಎಂತ ಮಾರಾಯ, ಹೀಗೆ ಇಳಿದರೆ ಹೊಳೆಗೇ ಹೋಗುತ್ತಿ” ಎಂದು ಗದರಿಸಿ, ಸೊಪ್ಪು ಸಹಿತ ಒಂದು ಕೊಂಬೆ ಕಡಿದು ಹಗ್ಗದಿಂದ ಕ್ಯಾರಿಯರಿಗೆ ಕಟ್ಟಿಕೊಟ್ಟರು. ಕೊಂಬೆಯನ್ನು ದರದರನೆ ಎಳೆಯುತ್ತ ಸಂಪಾಜೆಗೆ ಇಳಿದೆ. ಘಟ್ಟದ ಪಂದ್ಯದಲ್ಲಿ ಏರಿನಷ್ಟೇ ಇಳಿತವೂ ಲೆಕ್ಕಕ್ಕೆ ಬರುತ್ತದೆಂಬುದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಹಾಗಾದರೆ ತೀರ್ಪು ಕೊಡುವ ಘಟ್ಟ ಯಾವುದು? ನನ್ನ ಮತ ಬಿಸಿಲೆಗೆ.

ಸುಬ್ರಹ್ಮಣ್ಯದ ಬಳಿಯ ಕುಲ್ಕುಂದದಲ್ಲಿ ಈ ದಾರಿ ಹೊರಳುತ್ತದೆ. ಒಂದು ಕಾಲಕ್ಕೆ ದನದ ಜಾತ್ರೆಗೆ ಹೆಸರಾಗಿದ್ದ ಕುಲ್ಕುಂದ. 1712 ಮೀಟರಿನ ಕುಮಾರಪರ್ವತವನ್ನು ಒಂದು ಮಗ್ಗುಲಿಗೆ ಇರಿಸಿಕೊಂಡು ಕಾಡಿನ ಹೊಟ್ಟೆಯೊಳಗೆ ದಾರಿ ಏರುತ್ತದೆ. ಕಾರಂತರು ‘ಬೆಟ್ಟದ ಜೀವ’ದ ಹಿನ್ನೆಲೆಯಾಗಿ ಆರಿಸಿಕೊಂಡದ್ದು ಈ ಬೆಟ್ಟಸಾಲಿನ ಅಡಿಯ ಕಾಡನ್ನೇ. ಬಿಸಿಲೆಯ ಒಟ್ಟು ಎತ್ತರವನ್ನು ದೂರದಿಂದ ಭಾಗಿಸಿ ನೋಡಿದರೆ ಸರಾಸರಿ ಏರು ದೊಡ್ಡದಾಗಿ ಕಾಣದು. ಆದರೆ ಸರಾಸರಿ ಎಂಬುದು ಮೋಸಗಾರ. ಸ್ವಲ್ಪ ದೂರ ದಾರಿ ಸುಮ್ಮನಿದ್ದು, ಒಂದು ತಿರುವಿನಲ್ಲಿ ಹಠಾತ್ತನೆ ಎದ್ದು ನಿಲ್ಲುತ್ತದೆ. ಉಸಿರು ಹದಕ್ಕೆ ಬರುವಷ್ಟರಲ್ಲಿ ಮತ್ತೆ ಏಳುತ್ತದೆ. ಸಮನಾದ ಏರಿನಲ್ಲಿ ಲಯ ಹಿಡಿದು ತುಳಿಯುವವನು ಇಲ್ಲಿ ಕೆಡುತ್ತಾನೆ. ದಾರಿ ಕಿರಿದು, ಹಿಂದೆ ಉಳಿದವನಿಗೆ ಮುಂದೆ ನುಗ್ಗಲು ಎಡೆಯಿಲ್ಲ. ಮರಗಳ ನೆರಳಿನಲ್ಲಿ ನೆಲ ಬೇಗ ಒಣಗುವುದಿಲ್ಲ, ಪಾಚಿ ಜಾರುತ್ತದೆ. ಆನೆ ಅಡ್ಡ ಬಂದರೆ ಪಂದ್ಯದ ನಿಯಮಪುಸ್ತಕದಲ್ಲಿ ಅದಕ್ಕೇನು ಪರಿಹಾರವೋ ನಾನರಿಯೆ.

ಯುರೋಪಿನಲ್ಲಿ ಏರುಗಳನ್ನು ನಾಲ್ಕರಿಂದ ಒಂದರವರೆಗೆ ವಿಂಗಡಿಸಿ, ಅತಿ ಕಠಿಣವಾದವನ್ನು ‘ವರ್ಗಕ್ಕೆ ಮೀರಿದ್ದು’ ಎನ್ನುತ್ತಾರೆ. ಹಿಂದೆ ಒಂದು ಕಾರು ಯಾವ ಗೇರಿನಲ್ಲಿ ಏರುತ್ತದೆಂದು ನೋಡಿ ವರ್ಗ ಗೊತ್ತುಮಾಡುತ್ತಿದ್ದರೆಂಬ ಕಟ್ಟುಕತೆಯೂ ಇದೆ. ಕಟ್ಟುಕತೆಯಾದರೂ ಉಪಾಯ ಒಳ್ಳೆಯದೇ. ನಮ್ಮ ಬಸ್ಸಿನ ಡ್ರೈವರರನ್ನು ಕೇಳಿದರೆ ಯಾವ ತಿರುವಿನಲ್ಲಿ ಎರಡನೆಯ ಗೇರು, ಯಾವುದರಲ್ಲಿ ಒಂದನೆಯದು ಎಂದು ಬಾಯಿಪಾಠ ಒಪ್ಪಿಸುತ್ತಾರೆ.

ಇನ್ನೊಂದು ದಾರಿಯನ್ನು ಹೇಳದೆ ಬಿಟ್ಟರೆ ಸುಳ್ಯದವರು ಕ್ಷಮಿಸಲಾರರು. ಆಲೆಟ್ಟಿಯ ಮೇಲಿಂದ ಕೇರಳದ ಪಾಣತ್ತೂರಿಗೆ ಹೋಗಿ, ಕರಿಕೆಯಲ್ಲಿ ಮತ್ತೆ ಕರ್ನಾಟಕಕ್ಕೆ ಬಂದು, ಭಾಗಮಂಡಲಕ್ಕೆ ಏರುವ ದಾರಿ ಅದು. ಅಲ್ಲಿಂದ ತಲಕಾವೇರಿಗೆ ಇನ್ನೂ 8 ಕಿಲೋಮೀಟರು; 1276 ಮೀಟರ್ ಎತ್ತರದಲ್ಲಿ ಕೊನೆ. ದಣಿದ ಕಾಲುಗಳಿಗೆ ಆ ಕೊನೆಯ ಎಂಟೇ ಸಾಕು. ಬಿಸಿಲೆ ಇಲ್ಲವಾದರೆ ನಾನು ಇದನ್ನೇ ಆರಿಸುತ್ತಿದ್ದೆ.

ಆದರೆ ಬಿಸಿಲೆಯ ಪರ ಮಾತಾಡಿದ ಮೇಲೆ ನನಗೇ ಅಳುಕು ಹುಟ್ಟಿದೆ. ಪಂದ್ಯ ಬರುವುದೆಂದರೆ ಮೊದಲು ಬರುವುದು ದಾರಿ ಅಗಲ ಮಾಡುವ ಯಂತ್ರ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳಲ್ಲಿ ಗುಡ್ಡ ಕರಗಿ ಇಳಿದು ಮನೆಗಳನ್ನೂ ಜೀವಗಳನ್ನೂ ಕೊಂಡೊಯ್ದುದನ್ನು ನಾವು ಕಂಡವರು. ಹೆದ್ದಾರಿ ಬಹುದಿನ ಮುಚ್ಚಿತ್ತು. ಅದೇ ಮಳೆಗೆ ಘಟ್ಟದ ರೈಲುಹಳಿಯ ಮೇಲೂ ಮಣ್ಣು ಕುಸಿಯಿತು. 2020ರಲ್ಲಿ ತಲಕಾವೇರಿಯ ನೆತ್ತಿಯ ಬೆಟ್ಟವೂ ಜಾರಿತು. ಗುಡ್ಡದ ಪಾದವನ್ನು ಕಡಿದಷ್ಟೂ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಬಿಸಿಲೆಯ ದಾರಿ ಕಿರಿದಾಗಿರುವುದರಿಂದಲೇ ಅಲ್ಲಿ ಕಾಡು ಉಳಿದಿದೆ, ಆ ಕಿರಿದಾದ ದಾರಿಯೇ ಅದನ್ನು ಕಠಿಣ ಏರನ್ನಾಗಿಯೂ ಮಾಡಿದೆ. ಅಗಲ ಮಾಡಿದರೆ ಕಾಡೂ ಹೋದೀತು, ಏರಿನ ಕಾಠಿಣ್ಯವೂ ಹೋದೀತು. ಇದ್ದ ದಾರಿಯಲ್ಲೇ, ಚಳಿಗಾಲದ ಒಂದು ಬೆಳಿಗ್ಗೆ, ಹಿಂಬಾಲಿಸುವ ಕಾರುಗಳನ್ನು ಕುಲ್ಕುಂದದಲ್ಲೇ ತಡೆದು ನಡೆಸುವುದಾದರೆ ಮಾತ್ರ ನನ್ನ ಒಪ್ಪಿಗೆ. ಜಗಲಿಯವರು ನಗುತ್ತಾರೆ: ‘ಮೇಷ್ಟ್ರೇ, ನಿಮ್ಮ ಒಪ್ಪಿಗೆ ಕೇಳಿದವರು ಯಾರು?’

ಬಂದರೂ ಸವಾರಿ ಮಾಡುವವರು ನಮ್ಮವರಿರುವರೇ? ಕರ್ನಾಟಕಕ್ಕೆ ಸೈಕಲ್ ಸ್ಪರ್ಧಿಗಳನ್ನು ಹೆಚ್ಚಾಗಿ ಕೊಟ್ಟದ್ದು ವಿಜಯಪುರ, ಬಾಗಲಕೋಟೆಯ ಬಯಲುಸೀಮೆ. ಅಲ್ಲಿ ಹೊಲಕ್ಕೂ ಶಾಲೆಗೂ ಸೈಕಲ್ಲೇ ವಾಹನ. ನಮ್ಮಲ್ಲಿ ಮನೆಯಂಗಳ ಬಿಟ್ಟರೆ ಏರು, ತೋಡು, ಮತ್ತೆ ಏರು. ಸೈಕಲ್ಲು ಹತ್ತುವುದಕ್ಕಿಂತ ನಡೆಯುವುದೇ ಲೇಸೆಂದು ನಡೆದವರು ನಾವು. 2006-07ರಿಂದ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿದಾಗ ನಮ್ಮ ಶಾಲೆಯ ಹುಡುಗಿಯರು ಬೆಳಿಗ್ಗೆ ಅವುಗಳನ್ನು ತಳ್ಳಿಕೊಂಡು ಬಂದು, ಸಂಜೆ ಒಂದೇ ಇಳಿತಕ್ಕೆ ಮನೆ ಸೇರುತ್ತಿದ್ದರು. ಬೆಟ್ಟದ ನಾಡಿನಲ್ಲಿ ಬೆಟ್ಟ ಏರುವ ಸವಾರ ಹುಟ್ಟಬೇಕೆಂಬ ನಿಯಮವೇನೂ ಇಲ್ಲವೆಂದಾಯಿತು.

ಆದರೂ ನನ್ನ ಹಳೆಯ ಶಿಷ್ಯರಲ್ಲಿ ಇಬ್ಬರು ಬರುವ ಭಾನುವಾರ ನಸುಕಿಗೇ ಕುಲ್ಕುಂದದಿಂದ ಬಿಸಿಲೆಗೆ ಹೊರಡುವವರಿದ್ದಾರೆ. ತಿರುವುಗಳನ್ನು ಎಣಿಸಿ ಬರುತ್ತೇವೆ ಎಂದಿದ್ದಾರೆ. ಎಣಿಕೆ ಹೇಗೂ ಇರಲಿ, ಎಲ್ಲೆಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿದಿರೋ ಆ ಜಾಗಗಳನ್ನು ಸುಳ್ಳು ಸೇರಿಸದೆ ಬರೆದುಕೊಂಡು ಬನ್ನಿ ಎಂದು ಒಂದು ನೋಟುಪುಸ್ತಕ ಕೊಟ್ಟಿದ್ದೇನೆ. ಬ್ರೇಕಿನ ರಬ್ಬರನ್ನೂ ಹೊಸದು ಹಾಕಿಸಿದ್ದೇನೆ.