ಹಣದ ಲೆಕ್ಕ, ಆಯುಷ್ಯದ ಲೆಕ್ಕ

ಮಕ್ಕಳೇ, ಆಫ್ರಿಕಾದ ಭೂಪಟ ತೆಗೆದು ಎರಡು ಪುಟ್ಟ ದೇಶಗಳನ್ನು ಹುಡುಕಿ. ಒಂದು, ಪಶ್ಚಿಮದ ಕಡಲಂಚಿನಲ್ಲಿರುವ ಈಕ್ವಟೋರಿಯಲ್ ಗಿನಿ. ಅದರ ಬಹುಭಾಗ ಖಂಡದ ನೆಲದಲ್ಲಿದೆ, ಉಳಿದದ್ದು ದ್ವೀಪಗಳು. ಇನ್ನೊಂದು, ಖಂಡದ ಒಳಗೆ ಕಡಲಿನಿಂದ ಬಹುದೂರದಲ್ಲಿರುವ ರುವಾಂಡಾ. ಎತ್ತ ನೋಡಿದರೂ ಗುಡ್ಡಗಳೇ. ವಿಸ್ತೀರ್ಣದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಮೊದಲನೆಯದು ಸುಮಾರು 28 ಸಾವಿರ ಚದರ ಕಿಲೋಮೀಟರ್, ಎರಡನೆಯದು 26 ಸಾವಿರ. ಜನಸಂಖ್ಯೆಯಲ್ಲಿ ಮಾತ್ರ ಅಜಗಜಾಂತರ. ಈಕ್ವಟೋರಿಯಲ್ ಗಿನಿಯಲ್ಲಿ 20 ಲಕ್ಷಕ್ಕಿಂತ ಕಡಿಮೆ ಜನ, ರುವಾಂಡಾದಲ್ಲಿ 1 ಕೋಟಿ 30 ಲಕ್ಷಕ್ಕೂ ಹೆಚ್ಚು.

ಇವುಗಳಲ್ಲಿ ಯಾವ ದೇಶದ ಜನ ಚೆನ್ನಾಗಿ ಬದುಕುತ್ತಿದ್ದಾರೆ?

ಮೊದಲು ಹಣದ ಲೆಕ್ಕ ನೋಡೋಣ. ಒಂದು ದೇಶ ಒಂದು ವರ್ಷದಲ್ಲಿ ಗಳಿಸಿದ್ದನ್ನೆಲ್ಲ ಕೂಡಿಸಿ, ಅಲ್ಲಿನ ಜನಸಂಖ್ಯೆಯಿಂದ ಭಾಗಿಸಿದರೆ ಬರುವುದೇ ತಲಾ ಆದಾಯ. 1990ರ ದಶಕದ ನಡುವಿನಲ್ಲಿ ಈಕ್ವಟೋರಿಯಲ್ ಗಿನಿಯ ಕಡಲಡಿಯಲ್ಲಿ ಹೇರಳವಾಗಿ ತೈಲ ಸಿಕ್ಕಿತು. ಜನ ಕಡಿಮೆ, ತೈಲ ಹೆಚ್ಚು. ಕೆಲವೇ ವರ್ಷಗಳಲ್ಲಿ ಅದು ಆಫ್ರಿಕಾದ ಅತಿ ಹೆಚ್ಚು ತಲಾ ಆದಾಯದ ದೇಶಗಳ ಸಾಲಿಗೆ ಸೇರಿತು. ಈಚೆಗೆ ತೈಲ ಕಡಿಮೆಯಾಗುತ್ತ ಬಂದಿದೆ. ಆದರೂ ಅಲ್ಲಿನ ತಲಾ ಆದಾಯ ಇವತ್ತಿಗೂ ರುವಾಂಡಾದ ಐದಾರು ಪಟ್ಟು.

ಹಾಗಾದರೆ ಉತ್ತರ ಸಿಕ್ಕಿತು ಅನ್ನಿಸುತ್ತದೆ, ಅಲ್ಲವೇ? ಸ್ವಲ್ಪ ತಾಳಿ, ಇನ್ನೊಂದು ಲೆಕ್ಕವಿದೆ. ರುವಾಂಡಾದವರ ಸರಾಸರಿ ಆಯುಷ್ಯ 67 ವರ್ಷದ ಆಸುಪಾಸಿನಲ್ಲಿದೆ. ಈಕ್ವಟೋರಿಯಲ್ ಗಿನಿಯದು ಅದಕ್ಕಿಂತ ನಾಲ್ಕೈದು ವರ್ಷ ಕಡಿಮೆ. ಹುಟ್ಟಿದ ಸಾವಿರ ಮಕ್ಕಳಲ್ಲಿ ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುವವರು ರುವಾಂಡಾದಲ್ಲಿ ಸುಮಾರು 40, ಈಕ್ವಟೋರಿಯಲ್ ಗಿನಿಯಲ್ಲಿ 70ರ ಮೇಲೆ. ಹಣ ಹೆಚ್ಚಿರುವ ಕಡೆಯೇ ಮಕ್ಕಳನ್ನು ಹೆಚ್ಚು ಕಳೆದುಕೊಳ್ಳುತ್ತಿದ್ದಾರೆ. ಹೀಗೇಕೆ?

ಕಾರಣದ ಒಂದು ಭಾಗ ಸರಾಸರಿ ಎಂಬ ಲೆಕ್ಕದೊಳಗೇ ಇದೆ. ಹತ್ತು ಮಕ್ಕಳಿದ್ದಾರೆ ಅಂದುಕೊಳ್ಳಿ. ಒಬ್ಬನ ಹತ್ತಿರ 91 ಕಡಲೆಮಿಠಾಯಿ, ಉಳಿದ ಒಂಬತ್ತು ಜನರ ಹತ್ತಿರ ಒಂದೊಂದೇ. ಒಟ್ಟು ನೂರು, ತಲೆಗೆ ಸರಾಸರಿ ಹತ್ತು. ಆದರೆ ಹತ್ತು ಕಡಲೆಮಿಠಾಯಿ ಇರುವ ಮಗು ಆ ಗುಂಪಿನಲ್ಲಿ ಒಂದೂ ಇಲ್ಲ! ಎಲ್ಲರನ್ನೂ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ ನಡುವಿನವರ ಕೈ ನೋಡಿದರೆ ಅಲ್ಲಿರುವುದು ಒಂದೇ. ಈ ನಡುವಿನ ಬೆಲೆಯೇ ನೀವು ಗಣಿತದಲ್ಲಿ ಕಲಿಯುವ ಮಧ್ಯಾಂಕ.

ಈಕ್ವಟೋರಿಯಲ್ ಗಿನಿಯಲ್ಲಿ ಆದದ್ದು ಇದೇ. 1979ರಿಂದ ಅಲ್ಲಿ ಒಬ್ಬರೇ ಅಧ್ಯಕ್ಷರು. ತೈಲದ ಹಣದಲ್ಲಿ ಬಹುಪಾಲು ಅಧಿಕಾರಕ್ಕೆ ಹತ್ತಿರವಿದ್ದ ಕೆಲವೇ ಜನರ ಕೈಸೇರಿತು. ಅಧ್ಯಕ್ಷರ ಮಗ ಆ ದೇಶದ ಉಪಾಧ್ಯಕ್ಷರೂ ಹೌದು. ಸಾರ್ವಜನಿಕ ಹಣವನ್ನು ಕಬಳಿಸಿ ಪ್ಯಾರಿಸ್‌ನಲ್ಲಿ ಬಂಗಲೆ, ದುಬಾರಿ ಕಾರುಗಳನ್ನು ಕೊಂಡರೆಂದು 2017ರಲ್ಲಿ ಫ್ರಾನ್ಸ್‌ನ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು.

ಇಲ್ಲೊಂದು ಸ್ವಾರಸ್ಯವಿದೆ. ಇನ್ನೊಬ್ಬನಿಗಿಂತ ಸಾವಿರ ಪಟ್ಟು ಹಣ ಗಳಿಸುವವನು ಇರಬಹುದು. ಆದರೆ ಸಾವಿರ ವರ್ಷ ಬದುಕುವವನು ಇರಲಾರ. ಆದ್ದರಿಂದ ಬೆರಳೆಣಿಕೆಯ ಶ್ರೀಮಂತರು ದೇಶದ ಸರಾಸರಿ ಆದಾಯವನ್ನು ಮೇಲಕ್ಕೆ ಎಳೆದಂತೆ ಸರಾಸರಿ ಆಯುಷ್ಯವನ್ನು ಎಳೆಯಲಾರರು. ಅದು ಏರಬೇಕಾದರೆ ತುಂಬಾ ಜನರ ಬದುಕು ಸುಧಾರಿಸಲೇಬೇಕು. ಅದರಲ್ಲೂ ಪುಟ್ಟ ಮಕ್ಕಳು ಬದುಕುಳಿಯಬೇಕು. ಎರಡು ವರ್ಷದ ಒಂದು ಮಗು ಬದುಕುಳಿದರೆ ದೇಶದ ಲೆಕ್ಕಕ್ಕೆ ಅರವತ್ತು, ಎಪ್ಪತ್ತು ವರ್ಷಗಳು ಒಟ್ಟಿಗೇ ಸೇರುತ್ತವೆ.

ರುವಾಂಡಾ ಸಾಧಿಸಿದ್ದು ಇದನ್ನೇ. 1994ರಲ್ಲಿ ಅಲ್ಲಿ ಭೀಕರ ನರಮೇಧ ನಡೆಯಿತು. ಲಕ್ಷಾಂತರ ಜನ ಸತ್ತರು, ಆಸ್ಪತ್ರೆಗಳು ಹಾಳಾದವು. 2000ನೇ ಇಸವಿಯಲ್ಲೂ ಸಾವಿರಕ್ಕೆ ಸುಮಾರು 180 ಮಕ್ಕಳು ಐದು ತುಂಬುವ ಮೊದಲು ಸಾಯುತ್ತಿದ್ದರು. ಆಗ ಅದರ ಸ್ಥಿತಿ ಈಕ್ವಟೋರಿಯಲ್ ಗಿನಿಗಿಂತಲೂ ಕೆಟ್ಟದಾಗಿತ್ತು.

ಆಮೇಲೆ ಹಳ್ಳಿ ಹಳ್ಳಿಯಲ್ಲೂ ಆರೋಗ್ಯ ಕಾರ್ಯಕರ್ತರು ಬಂದರು. ಅವರನ್ನು ಆರಿಸುವುದು ಹಳ್ಳಿಯ ಜನರೇ. ಮಗುವಿಗೆ ಜ್ವರ ಬಂದರೆ ಕಾರ್ಯಕರ್ತೆ ಅದರ ಬೆರಳಿಗೆ ಸೂಜಿಮೊನೆ ತಾಗಿಸಿ, ಒಂದು ಹನಿ ರಕ್ತವನ್ನು ಬೆರಳುದ್ದದ ಪರೀಕ್ಷಾಪಟ್ಟಿಗೆ ಹಾಕುತ್ತಾಳೆ. ಕಾಲು ಗಂಟೆ ಕಾಯಬೇಕು. ಒಂದೇ ಗೆರೆ ಮೂಡಿದರೆ ಮಲೇರಿಯಾ ಇಲ್ಲ, ಇನ್ನೊಂದು ಗೆರೆಯೂ ಮೂಡಿದರೆ ಇದೆ. ಇದ್ದರೆ ಮಾತ್ರೆ ಅಲ್ಲೇ ಸಿಗುತ್ತದೆ. ಆಮೇಲೆ ಬಣ್ಣದ ಟೇಪನ್ನು ಮಗುವಿನ ತೋಳಿಗೆ ಸುತ್ತುತ್ತಾಳೆ. ಹಸಿರು ಬಂದರೆ ಚಿಂತೆಯಿಲ್ಲ. ಹಳದಿ ಬಂದರೆ ಎಚ್ಚರಿಕೆ. ಕೆಂಪು ಬಂದರೆ, ಅಂದರೆ ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಮಗುವಿಗೆ ತೀವ್ರ ಅಪೌಷ್ಟಿಕತೆ. ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. ಇದಕ್ಕೆಲ್ಲ ಕಡಲಡಿಯ ತೈಲ ಬೇಕಿರಲಿಲ್ಲ.

ಜೊತೆಗೆ ಆರೋಗ್ಯ ವಿಮೆ ಬಂತು. ಮನೆಯವರು ತಮ್ಮ ಶಕ್ತಿಗೆ ತಕ್ಕಷ್ಟು ವಂತಿಗೆ ಕಟ್ಟುತ್ತಾರೆ, ತೀರಾ ಬಡವರ ಪಾಲನ್ನು ಬೇರೆಯವರು ಭರಿಸುತ್ತಾರೆ. ಲಸಿಕೆಗಳು ಗುಡ್ಡದ ತುದಿಯ ಮನೆಗಳಿಗೂ ತಲುಪಿದವು. 2016ರಿಂದ ಡ್ರೋನ್‌ಗಳು ದೂರದ ಆಸ್ಪತ್ರೆಗಳಿಗೆ ರಕ್ತದ ಚೀಲಗಳನ್ನು ಪ್ಯಾರಾಚೂಟ್ ಕಟ್ಟಿ ಇಳಿಸುತ್ತಿವೆ.

ಈಕ್ವಟೋರಿಯಲ್ ಗಿನಿಯಲ್ಲಿ ಏನೂ ಆಗಿಲ್ಲ ಎಂದುಕೊಳ್ಳಬೇಡಿ. ಅಲ್ಲಿನ ಬಿಯೋಕೊ ದ್ವೀಪದಲ್ಲಿ 2004ರಿಂದ ಮನೆಗಳ ಗೋಡೆಗೆ ಸೊಳ್ಳೆನಾಶಕ ಸಿಂಪಡಿಸಿ, ಸೊಳ್ಳೆಪರದೆ ಹಂಚಿದ ಮೇಲೆ ಮಕ್ಕಳಲ್ಲಿ ಮಲೇರಿಯಾ ಬಹಳ ಇಳಿಯಿತು. ದೊಡ್ಡವರು ಶಾಲೆಯಲ್ಲಿ ಕಲಿತ ವರ್ಷಗಳ ಲೆಕ್ಕದಲ್ಲೂ ಅದು ರುವಾಂಡಾಕ್ಕಿಂತ ಮುಂದಿದೆ. ಆಯುಷ್ಯ, ಶಿಕ್ಷಣ, ಆದಾಯ ಮೂರನ್ನೂ ಸೇರಿಸಿ ವಿಶ್ವಸಂಸ್ಥೆ 1990ರಿಂದ ಮಾನವ ಅಭಿವೃದ್ಧಿ ಸೂಚ್ಯಂಕ ಎಂಬ ಅಂಕ ಕೊಡುತ್ತಿದೆ. ಅದರಲ್ಲೂ ಮೇಲಿರುವುದು ಈಕ್ವಟೋರಿಯಲ್ ಗಿನಿಯೇ. ಆದಾಯ ಮತ್ತು ಶಿಕ್ಷಣದ ಅಂಕಗಳು ಅದನ್ನು ಎತ್ತಿ ಹಿಡಿದಿವೆ. ಇತ್ತ ರುವಾಂಡಾದ ಕಷ್ಟವೂ ಮುಗಿದಿಲ್ಲ. 2019-20ರ ಸಮೀಕ್ಷೆಯಂತೆ ಅಲ್ಲಿನ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 33 ಮಕ್ಕಳು ಸಾಕಷ್ಟು ಪೌಷ್ಟಿಕ ಆಹಾರವಿಲ್ಲದೆ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ಒಂದು ದೇಶದಲ್ಲಿ ಬದುಕು ಹೇಗಿದೆ ಎಂದು ತಿಳಿಯಲು ನಾನಂತೂ ಮೊದಲು ನೋಡುವುದು ಐದು ತುಂಬದ ಮಕ್ಕಳ ಲೆಕ್ಕವನ್ನು, ತಲಾ ಆದಾಯ ಆಮೇಲೆ. ಈ ಅಂಕಿಗಳನ್ನೆಲ್ಲ ವಿಶ್ವಬ್ಯಾಂಕ್ ಯಾರು ಬೇಕಾದರೂ ನೋಡಬಹುದಾದಂತೆ ಇಂಟರ್ನೆಟ್ಟಿನಲ್ಲಿ ಇಟ್ಟಿದೆ. ನಿಮ್ಮ ಮೇಷ್ಟ್ರ ಜೊತೆ ಕುಳಿತು ಭಾರತ ಮತ್ತು ಶ್ರೀಲಂಕಾದ ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಿ.